ಬೆನ್ನಿಗೆ ಸಾಕ್ಷಿ

ಕಮಲಾಪುರದ ದೌಲಪ್ಪ ಲಡಾಯಿಯಿಂದ ತಿರುಗಿ ಬಂದ ದಿನ ಓಣಿಯ ಮಂದಿಯೆಲ್ಲ ಅವನ ಕೈಕಾಲು ನೋಡಿದರು. ಎರಡು ಕೈ, ಎರಡು ಕಾಲು, ಎರಡು ಕಣ್ಣು, ಎಲ್ಲ ಇದ್ದವು. ಅಣ್ಣ ಗುರುಲಿಂಗಪ್ಪ ಕಲಬುರಗಿಯ ಶರಣಬಸಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದ. "ನಮ್ಮ ತಮ್ಮ ಇಡೀಗಿ ಇಡೀ ಬಂದಾನ," ಎಂದು ಕಂಡಕಂಡವರಿಗೆ ಹೇಳಿದ. ಆ ಮಾತೇ ಮುಂದೆ ದೌಲಪ್ಪನ ಕೊರಳಿಗೆ ಸುತ್ತಿಕೊಂಡಿತು.

ದೌಲಪ್ಪ ಬಂದೂಕು ಹಿಡಿದವನಲ್ಲ, ಕುದುರೆಯ ಸೈಸ. ಚಿಕ್ಕಂದಿನಿಂದಲೂ ಅವನಿಗೆ ಕುದುರೆಯ ಹುಚ್ಚು. ಮದುವೆಯಾದ ಮರುವರ್ಷ ಹೈದರಾಬಾದಿಗೆ ಹೋಗಿ ನಿಜಾಮರ ರಿಸಾಲೆಯ, ಅಂದರೆ ಕುದುರೆ ದಂಡಿನ, ಲಾಯದಲ್ಲಿ ಕುದುರೆ ತಿಕ್ಕುವ, ಮೇವು ಹಾಕುವ ಕೆಲಸಕ್ಕೆ ಸೇರಿದ್ದ. ಜರ್ಮನರ ಮೇಲೆ ದೊಡ್ಡ ಲಡಾಯಿ ಶುರುವಾದಾಗ ರಿಸಾಲೆಯನ್ನು ಹಡಗು ಹತ್ತಿಸಿ ಈಜಿಪ್ಟೆಂಬ ಮಿಸರ ದೇಶಕ್ಕೆ ಕಳಿಸಿದರು. ಕುದುರೆಗಳ ಜೊತೆ ಸೈಸರೂ ಹೋದರು. ಮೂರನೆಯ ವರ್ಷ ಸುವೇಜ್ ಕಾಲುವೆಯ ದಂಡೆಯಲ್ಲಿ ತೋಪಿನ ಸಪ್ಪಳಕ್ಕೆ ಬೆದರಿದ ಕುದುರೆಯೊಂದು ಕಂದಕದ ಅಂಚಿನಲ್ಲಿ ಹಿಂಗಾಲು ಜಾರಿ, ಲಗಾಮು ಹಿಡಿದು ನಿಂತಿದ್ದ ಇವನ ಮೇಲೆಯೇ ಬಿತ್ತು. ಮೂರು ತಿಂಗಳು ಫೌಜಿನ ದವಾಖಾನೆಯಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿದ್ದ. ಮುರಿದ ಬೆನ್ನೆಲುಬು ಕೂಡಿಕೊಂಡಿದೆ ಎಂದು ಡಾಕ್ಟರು ಕಾಗದ ಬರೆದುಕೊಟ್ಟರು. ಕಾಗದದಲ್ಲಿ ನೋವಿನ ಸುದ್ದಿ ಇರಲಿಲ್ಲ.

ನೋವು ಟೊಂಕದಿಂದ ನಾಲ್ಕು ಬೆರಳು ಮೇಲಿತ್ತು. ಮುಂಜಾನೆ ಏಳುವಾಗ ಅಲ್ಲಿ ಕಬ್ಬಿಣದ ಪಟ್ಟಿ ಬಿಗಿದಂತೆ ಇರುತ್ತಿತ್ತು. ಬಗ್ಗಿದರೆ ತೊಡೆಯ ಹಿಂಬದಿಯಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ. ಕೆಲವು ದಿನ ಹೊತ್ತು ಏರಿದಂತೆ ಸಡಿಲಾಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ. ಯಾವ ದಿನ ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಅದೇ ಅವನ ದೊಡ್ಡ ಕಷ್ಟವಾಯಿತು. ಸೋಮವಾರ ಬಾಳೆಗೊನೆ ಎತ್ತಿದವನು ಮಂಗಳವಾರ ಕೊಡ ಎತ್ತಲಾರೆ ಎಂದರೆ ಯಾರು ನಂಬುತ್ತಾರೆ?

ಗುರುಲಿಂಗಪ್ಪ ಕೆಟ್ಟ ಮನುಷ್ಯನಲ್ಲ. ತಂದೆತಾಯಿ ಸತ್ತ ಮೇಲೆ ತಮ್ಮನನ್ನು ಮಗನಂತೆ ಸಾಕಿದವನು. ಆದರೆ ಹೊತ್ತು ಮೂಡುವ ಮೊದಲೇ ತೋಟಕ್ಕೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುವ ಆಳು. ಒಂದು ದಿನವೂ ಜ್ವರವೆಂದು ಮಲಗಿದವನಲ್ಲ. ಮೊದಮೊದಲು ತಮ್ಮನನ್ನು ಬೋರಲು ಮಲಗಿಸಿ ತಾನೇ ಎಣ್ಣೆ ತಿಕ್ಕಿದ. ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ಇಲ್ಲೇನೂ ಇಲ್ಲಲ್ಲೋ ದೌಲ್ಯಾ. ಬಾವಿಲ್ಲ, ಗಂಟಿಲ್ಲ. ತೊಗಲು ಹಸುಗೂಸಿನ ತೊಗಲಿನಂಗದ."

"ಒಳಗದ ಅಣ್ಣಾ."

"ಒಳಗಂದ್ರ ಎಲ್ಲಿ?"

ದೌಲಪ್ಪನಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಗುರುಲಿಂಗಪ್ಪ ಕೇಳುವುದನ್ನು ಬಿಟ್ಟ. ಕುಳಿತು ಮಾಡುವ ಹಗುರ ಕೆಲಸವೆಂದು ಬಂಡಿ ಹೊಡೆಯುವುದನ್ನು ತಮ್ಮನಿಗೆ ವಹಿಸಿದ. ಹದಿನೈದು ದಿನಕ್ಕೊಮ್ಮೆ ತೋಟದ ಕೆಂಪು ಬಾಳೆಹಣ್ಣು ಕಲಬುರಗಿಗೆ ಹೋಗಬೇಕು. ಏಳೆಂಟು ಹರದಾರಿ ದಾರಿ, ಕಲ್ಲು, ಕುಣಿ. ಒಂದೊಂದು ಕುಲುಕಿಗೂ ದೌಲಪ್ಪ ಹಲ್ಲು ಕಚ್ಚುತ್ತಿದ್ದ. ಹಗುರ ಕೆಲಸ ಕೊಟ್ಟ ಅಣ್ಣನಿಗೆ ಅದು ಹಗುರಲ್ಲ ಎಂದು ಹೇಳುವುದು ಹೇಗೆ? ಹೆಂಡತಿ ಶಿವಕಾಂತಮ್ಮ ಮಾತ್ರ ಬಂಡಿಯಲ್ಲಿ ಎರಡು ಕೌದಿ ಮಡಿಚಿ ಹಾಕುತ್ತಿದ್ದಳು. ಹಾಕುತ್ತಿದ್ದಳೇ ಹೊರತು ಅವಳೂ ಏನೂ ಕೇಳುತ್ತಿರಲಿಲ್ಲ.

ಹಣ್ಣಿನ ವ್ಯಾಪಾರಿಯ ಮನೆ ಶಹಾಬಜಾರದ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಒಂದು ಗುರುವಾರ ಮಧ್ಯಾಹ್ನ ದೌಲಪ್ಪ ಅಲ್ಲಿ ಬಂಡಿಯಿಂದ ಇಳಿಯುತ್ತಿದ್ದ. ಇಳಿಯುವುದಕ್ಕೆ ಅವನದೇ ಒಂದು ರೀತಿ ಇತ್ತು. ಬೆನ್ನು ತಿರುಗಿಸಿ, ಗಾಲಿಯ ಕೀಲು ಹಿಡಿದು, ಬಲಗಾಲು ನೆಲಕ್ಕೆ ಊರಿ, ಉಸಿರು ಕಟ್ಟಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಎಡಗಾಲು. ಎದುರಿನ ಮನೆಯ ಕಟ್ಟೆಯ ಮೇಲೆ ಕುದುರೆಯ ಜೀನು ಹೊಲಿಯುತ್ತ ಕುಳಿತವನೊಬ್ಬ ಇದನ್ನು ನೋಡಿದ. ಐವತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಗಡ್ಡ. ಎಡಗಾಲು ತೊಡೆಯ ನಡುವಿನಲ್ಲೇ ಮುಗಿದಿತ್ತು. ಪಕ್ಕದಲ್ಲಿ ಊರುಗೋಲು.

"ಮುಂಜಾನಿ ಹೆಚ್ಚೋ, ಹೊತ್ತು ಇಳಿದ ಮ್ಯಾಲ ಹೆಚ್ಚೋ?" ಎಂದು ಕೇಳಿದ.

"ಏನ್ರೀ?"

"ಬೆನ್ನಿನ ಬ್ಯಾನಿ, ಭಾಯಿ. ಯಾವಾಗ ಹೆಚ್ಚು ಅಂತ ಕೇಳ್ದೆ."

ನಾಲ್ಕು ವರ್ಷದಲ್ಲಿ ದೌಲಪ್ಪನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬ್ಯಾನಿ ಇದೆಯೋ ಇಲ್ಲವೋ ಎಂದು ಕೇಳಿದವರೇ ಎಲ್ಲ. "ಮುಂಜಾನಿರೀ," ಎಂದ. ಅಷ್ಟು ಹೇಳಿ, ಗಾಲಿ ಹಿಡಿದುಕೊಂಡೇ ನಡುಬೀದಿಯಲ್ಲಿ ಅತ್ತುಬಿಟ್ಟ.

ಆತ ದಫೇದಾರ ಬುರ್ಹಾನುದ್ದೀನ್. ಅದೇ ರಿಸಾಲೆಯಲ್ಲಿ ಸವಾರರ ಮೇಲಿನವನು, ಬೇರೆ ತುಕಡಿ. ಲಡಾಯಿಯ ಕೊನೆಯ ವರ್ಷ ಸಿರಿಯಾದ ಕಡೆಯ ಶಾಮ್ ದೇಶದಲ್ಲಿ ಕಾಲು ಕಳೆದುಕೊಂಡಿದ್ದ. ಅವನ ಬಾಧೆ ಇನ್ನೂ ವಿಚಿತ್ರವಾದದ್ದು. ಕತ್ತರಿಸಿ ಮಣ್ಣು ಮಾಡಿದ ಆ ಕಾಲೇ ನೋಯುತ್ತಿತ್ತು. ಇಲ್ಲದ ಪಾದದ ಬೆರಳುಗಳನ್ನು ಯಾರೋ ಒಂದೊಂದಾಗಿ ಹಿಂದಕ್ಕೆ ತಿರುವಿದ ಹಾಗೆ. ಹಕೀಮನೊಬ್ಬ ಇದು ಜಿನ್ನಿನ ಕಾಟವೆಂದು ತಾಯಿತ ಕಟ್ಟಿದ್ದ, ಇನ್ನೊಬ್ಬ ನಕ್ಕುಬಿಟ್ಟಿದ್ದ. ಅಂದಿನಿಂದ ಬುರ್ಹಾನುದ್ದೀನ್ ಹಕೀಮರ ಬಳಿ ಹೋಗಿರಲಿಲ್ಲ. ಅವನ ಕಟ್ಟೆಗೆ ಪ್ರತಿ ಗುರುವಾರ ಮಕ್ಸೂದ್ ಬರುತ್ತಿದ್ದ. ಮಕ್ಸೂದ್ ರಿಸಾಲೆಯಲ್ಲಿ ಸವಾರನಾಗಿದ್ದವನು, ಈಗ ದರ್ಗಾದ ಬಾಗಿಲಲ್ಲಿ ಹೂವಿನ ಚಾದರ ಮಾರುವವನು. ಬಲಭುಜದೊಳಗೆ ತೋಪಿನ ಗುಂಡಿನ ಚೂರುಗಳು ಇನ್ನೂ ಇದ್ದವು. ಚಳಿಗಾಲದಲ್ಲಿ ಆ ಕೈ ಅವನದಾಗಿ ಉಳಿಯುತ್ತಿರಲಿಲ್ಲ.

ದೌಲಪ್ಪ ಮೂರನೆಯವನಾದ. ಹಣ್ಣು ಇಳಿಸಿ, ಎತ್ತುಗಳಿಗೆ ಮೇವು ಹಾಕಿ, ಕಟ್ಟೆಗೆ ಬಂದು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದ. ಹಾಗೆ ಮಲಗಿ ಮಾತಾಡಿದರೆ ಅಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಮೊದಲ ದಿನವೇ ಬುರ್ಹಾನುದ್ದೀನ್ ಫೌಜಿನ ಗತ್ತಿನಲ್ಲಿ ಹೇಳಿದ್ದ: "ಈ ಕಟ್ಟಿ ಮ್ಯಾಲ ಕಡಿಮಿ ಆಗ್ತದ ಅನ್ನಂಗಿಲ್ಲ. ದೇವರು ನೋಡ್ಕೋತಾನ ಅನ್ನಂಗಿಲ್ಲ. ನಂದು ನಿಂದಕ್ಕಿಂತ ಹೆಚ್ಚು ಅಂತೂ ಅನ್ನಲೇಬಾರದು."

ಬುರ್ಹಾನುದ್ದೀನನ ಹೆಂಡತಿ ಅಕ್ಬರಿ ಬೇಗಂ ಇಟ್ಟಿಗೆ ಕಾಯಿಸಿ, ಅರಿವೆಯಲ್ಲಿ ಸುತ್ತಿ, ಪರದೆಯ ಸಂದಿನಿಂದ ಹೊರಗೆ ತಳ್ಳುತ್ತಿದ್ದಳು. ಮಕ್ಸೂದ್ ಅದನ್ನು ದೌಲಪ್ಪನ ಟೊಂಕದ ಮೇಲೆ ಇಡುತ್ತಿದ್ದ. ಹಾಸಿಗೆಯಿಂದ ನೆಟ್ಟಗೆ ಏಳದೆ ಮಗ್ಗುಲಾಗಿ ಉರುಳಿ ಕೈಯೂರಿ ಏಳುವುದನ್ನು, ಒಂದೇ ಸಲ ಹತ್ತು ಗೊನೆ ಹೊರುವ ಬದಲು ಎರಡೆರಡಾಗಿ ಹೊತ್ತು ನಡುವೆ ನಿಲ್ಲುವುದನ್ನು ಅವರೇ ಕಲಿಸಿದರು. ದೌಲಪ್ಪನೂ ಸುಮ್ಮನೆ ತೆಗೆದುಕೊಳ್ಳಲಿಲ್ಲ. ಸೋತ ಕುದುರೆಯ ಕಾಲನ್ನು ಹುಲ್ಲಿನ ಕುಚ್ಚಿನಿಂದ ಕೆಳಗಿನಿಂದ ಮೇಲಕ್ಕೆ ತಿಕ್ಕುವುದು ಅವನ ಕಸಬು. ಒಂದು ದಿನ ಬುರ್ಹಾನುದ್ದೀನ್ ಇಲ್ಲದ ಪಾದದ ನೋವಿಗೆ ತುಟಿ ಕಚ್ಚಿ ಕುಳಿತಾಗ, ಬೇರೇನೂ ತೋಚದೆ, ಇದ್ದ ಕಾಲನ್ನೇ ಹಿಡಿದು ಹಾಗೆ ತಿಕ್ಕಿದ. ಸ್ವಲ್ಪ ಹೊತ್ತಿಗೆ ಬುರ್ಹಾನುದ್ದೀನನ ಮುಖ ಸಡಿಲಾಯಿತು. ಹೇಗೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಪ್ರತಿ ಸಲವೂ ತಿಕ್ಕಿದ.

ನೋವೇನೂ ಹೋಗಲಿಲ್ಲ. ಆದರೆ ಹದಿನೈದು ದಿನ ಕಾಯುವುದಕ್ಕೆ ಒಂದು ಗುರುವಾರ ಸಿಕ್ಕಿತು. ಬಂಡಿಯ ಕುಲುಕಾಟವೂ ಹೋಗುವಾಗ ಸ್ವಲ್ಪ ಕಡಿಮೆ ಅನಿಸುತ್ತಿತ್ತು, ಬರುವಾಗ ಇದ್ದಷ್ಟೇ ಇರುತ್ತಿತ್ತು. ಮತ್ತೆ ಅಲ್ಲಿ ನಗು ಇತ್ತು. ಅಂಥ ನಗು ದೌಲಪ್ಪ ಲಡಾಯಿಗೆ ಹೋಗುವ ಮೊದಲೂ ನಕ್ಕಿರಲಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ಆ ವರ್ಷ ತೊಗರಿಯ ರಾಶಿ ಮುಗಿದ ಮೇಲೆ ಗುರುಲಿಂಗಪ್ಪನಿಗೂ ಕಲಬುರಗಿಯಲ್ಲಿ ಕೆಲಸ ಬಿತ್ತು. ತಮ್ಮ ಬಂಡಿ ಕಟ್ಟಿಕೊಂಡು ಹೋದ ದಿನವೇ, ಬೇರೆಯವರ ಬಂಡಿ ಹತ್ತಿ ಬಂದ. ಕೆಲಸ ಮುಗಿಸಿ, ತಮ್ಮನ ಜೊತೆಗೇ ಮರಳಿದರಾಯಿತೆಂದು ಶಹಾಬಜಾರಕ್ಕೆ ಬಂದ. ಓಣಿಯ ತಿರುವಿನಲ್ಲೇ ನಗು ಕೇಳಿಸಿತು.

ಆಗ ಕಟ್ಟೆಯ ಮೇಲೆ ಬುರ್ಹಾನುದ್ದೀನ್ ತನ್ನ ಕಾಲಿನ ಕಥೆ ಹೇಳುತ್ತಿದ್ದ. "ನನ್ನ ಕಾಲು ಶಾಮದಾಗ ಮಣ್ಣಾಗ್ಯದ. ಅಲ್ಲಿ ಇರುವಿ ಕಡದ್ರ ಇಲ್ಲಿ ನಾ ಕೆರಕೋಬೇಕು. ಕೆರೀಲಾಕ ಹೋದ್ರ ಕಾಲೇ ಇಲ್ಲ! ಅಲ್ಲಿಗಿ ಒಂದು ಕಾಗದ ಬರೀಬೇಕಂತ ಮಾಡೀನಿ, ಯಾರರ ಪುಣ್ಯವಂತರು ನನ್ನ ಕಾಲು ಕೆರೀರಪ್ಪಾ ಅಂತ." ಮಕ್ಸೂದ್ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲು ಹೋಗಿ ತನ್ನ ತೊಡೆಗೇ ಹೊಡೆದುಕೊಂಡ. ಚಾಪೆಯ ಮೇಲೆ ಬೋರಲು ಮಲಗಿದ್ದ ದೌಲಪ್ಪ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ.

ಗುರುಲಿಂಗಪ್ಪ ಓಣಿಯ ತಿರುವಿನಲ್ಲಿ ನಿಂತು ಅದಿಷ್ಟನ್ನೂ ನೋಡಿದ. ತಮ್ಮನನ್ನು ಕರೆಯಲಿಲ್ಲ. ಬಂದ ಬಂಡಿಯಲ್ಲೇ ಊರಿಗೆ ಹೋದ.

ಮರುದಿನ ದೌಲಪ್ಪ ಮನೆಗೆ ಬಂದಾಗ ಅಣ್ಣ ಅಂಗಳದಲ್ಲಿ ಕಾದಿದ್ದ. ಓಣಿಯ ನಾಲ್ಕು ಮಂದಿಯೂ ಇದ್ದರು.

"ಬೆನ್ನು ಹ್ಯಾಂಗದ ತಮ್ಮಾ?"

"ಇದ್ದಂಗದ ಅಣ್ಣಾ."

"ನಿನ್ನಿ ಆ ಸಾಬರ ಕಟ್ಟಿ ಮ್ಯಾಲ ಹೊಟ್ಟಿ ಹಿಡಕೊಂಡು ನಗಲಾಕತ್ತಿದ್ದಿ. ನಾ ಕಣ್ಣಾರೆ ನೋಡೀನಿ. ಬ್ಯಾನಿ ಇದ್ದಾಂವ ಹಂಗ ನಗ್ತಾನೇನು? ಇಲ್ಲಿ ನಮ್ಮ ಮುಂದ ನರಳ್ತಿ, ಅಲ್ಲಿ ನಗ್ತಿ. ನಾವೇನು ಹುಚ್ಚರೇನೋ?"

ದೌಲಪ್ಪ ಉತ್ತರ ಹುಡುಕಿದ. ನಗುವುದಕ್ಕೂ ನೋಯುವುದಕ್ಕೂ ಒಂದೇ ಮೈಯಲ್ಲಿ ಜಾಗವಿದೆ ಎಂದು ಹೇಳಬೇಕಿತ್ತು. ಅವನಿಗೆ ಬಂದ ಮಾತು ಬೇರೆ. "ಅಲ್ಲಿ ನಂಬ್ತಾರ, ಅದಕ್ಕ ನಗು ಬರ್ತದ," ಎಂದ.

ಗುರುಲಿಂಗಪ್ಪನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಸಾಕಿದ ತಾನು ಪರಕೀಯ, ನಿನ್ನೆ ಮೊನ್ನೆ ಸಿಕ್ಕವರು ನಂಬುವವರು! ಮುಂದಿನ ಸಲ ಬಂಡಿಯನ್ನು ಆಳಿನ ಕೈಗೆ ಕೊಟ್ಟ. ಕಲಬುರಗಿಗೆ ಹೋದರೆ ಮನೆಗೆ ಬರಬೇಡ ಎಂದ. ಊರಲ್ಲಿ ಸುದ್ದಿ ಹಬ್ಬಿತು. ದೌಲಪ್ಪ ಬಾವಿಯ ಹತ್ತಿರ ಹೋದರೆ ಹೆಂಗಸರು, "ಏನ್ ದೌಲಪ್ಪಾ, ಇವತ್ತ ನೋಯೂ ದಿನಾನೋ, ನಗೂ ದಿನಾನೋ?" ಎಂದು ಕೇಳತೊಡಗಿದರು.

ಮೂರು ಪಾಳಿ ದೌಲಪ್ಪ ಕಟ್ಟೆಗೆ ಹೋಗಲಿಲ್ಲ. ಬಂಡಿ ತಂದ ಆಳಿನಿಂದ ಬುರ್ಹಾನುದ್ದೀನನಿಗೆ ವಿಷಯ ತಿಳಿಯಿತು. ಅವನು ಫೌಜಿನವನ ರೀತಿಯಲ್ಲೇ ಯೋಚಿಸಿದ. ಸಿಪಾಯಿಯ ಮೇಲೆ ಸುಳ್ಳು ಆರೋಪ ಬಂದರೆ ಜೊತೆಯವರು ಹೋಗಿ ಮೇಲಿನವರ ಮುಂದೆ ಸಾಕ್ಷಿ ಹೇಳಬೇಕು. ಮಕ್ಸೂದನನ್ನು ಕರೆದುಕೊಂಡು, ಹುಮನಾಬಾದಿನ ಕಡೆ ಹೊರಟ ಒಂದು ಬಂಡಿ ಹತ್ತಿದ. ಏಳೆಂಟು ಹರದಾರಿ ಆ ದಾರಿಯಲ್ಲಿ ಕುಲುಕಿ ಕುಲುಕಿ ಅವನ ತೊಡೆಯ ತುದಿ ರಕ್ತ ಒಸರಿತು. ಕಮಲಾಪುರಕ್ಕೆ ಬಂದು ಇಳಿದಾಗ ನೇರ ಚಾವಡಿಗೇ ಹೋದ. ಅಲ್ಲಿ ಊರಿನ ಕಂದಾಯದ ಗೌಡ, ಮಾಲಿಪಾಟೀಲ ಕುಳಿತಿದ್ದ. ಗುರುಲಿಂಗಪ್ಪನಿಗೂ ದೌಲಪ್ಪನಿಗೂ ಹೇಳಿ ಕಳಿಸಿದರು. ಅರ್ಧ ಊರು ಕೂಡಿತು.

"ನಾ ದಫೇದಾರ ಬುರ್ಹಾನುದ್ದೀನ್," ಎಂದ ಆತ, ಊರುಗೋಲಿನ ಮೇಲೆ ಆದಷ್ಟು ನೆಟ್ಟಗೆ ನಿಂತು. "ದೌಲಪ್ಪ ನಮ್ಮ ರಿಸಾಲೆಯವ. ಅವನ ಬ್ಯಾನಿ ಖರೇ ಅದ. ಅದಕ್ಕ ಸಾಕ್ಷಿ ಹೇಳ್ಲಾಕ ಬಂದೀವಿ."

ಮಾಲಿಪಾಟೀಲ ಅವನ ಮಾತು ಕೇಳುತ್ತಿರಲಿಲ್ಲ. ಅವನ ಪಾಯಿಜಾಮದ ಕಡೆ ನೋಡುತ್ತಿದ್ದ. "ಕಾಲಿಗೇನಾತ್ರೀ ದಫೇದಾರ್ರ?"

ಬುರ್ಹಾನುದ್ದೀನ್ ಹೇಳಿದ. ಕುಳಿತು ಬಟ್ಟೆ ಸರಿಸಿದಾಗ ತೊಡೆಯ ತುದಿ ಕಂಡಿತು, ಹೊಲಿಗೆಯ ಗುರುತು, ಈಗಷ್ಟೇ ಒಸರಿದ ರಕ್ತ. ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದಳು. ಮಕ್ಸೂದ್ ಅಂಗಿಯ ಗುಂಡಿ ಬಿಚ್ಚಿ ಭುಜ ತೋರಿಸಿದ. ಅಲ್ಲಿ ಬೆರಳು ಹೋಗುವಷ್ಟು ಎರಡು ಕುಣಿಗಳಿದ್ದವು. ಯಾರೋ ಓಡಿಹೋಗಿ ಇಬ್ಬರಿಗೂ ಹಾಲು ತಂದರು. ಗುರುಲಿಂಗಪ್ಪನೇ ತನ್ನ ರುಮಾಲು ಬಿಚ್ಚಿ ಬುರ್ಹಾನುದ್ದೀನನ ಕೈಗೆ ಕೊಟ್ಟ, ರಕ್ತ ಒರೆಸಿಕೊಳ್ಳಲಿ ಎಂದು.

"ನೋಡ್ರೆಪಾ," ಎಂದ ಮಾಲಿಪಾಟೀಲ, "ಲಡಾಯಿಗಿ ಹೋಗಿ ಬಂದಾರ ಅಂದ್ರ ಹಿಂಗಿರ್ತಾರ."

ಗುರುಲಿಂಗಪ್ಪ ತಮ್ಮನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ದೌಲ್ಯಾ, ನೀನೂ ತೋರ್ಸು."

ದೌಲಪ್ಪ ಅಂಗಿ ತೆಗೆದು ಬೆನ್ನು ತಿರುಗಿಸಿ ನಿಂತ. ಎಣ್ಣೆ ಹಚ್ಚಿದ, ನುಣುಪಾದ, ಒಂದು ಗೀರೂ ಇಲ್ಲದ ಬೆನ್ನು. ಗುಂಪಿನಲ್ಲಿ ಒಬ್ಬ ನಕ್ಕ. ಅವನ ಹಿಂದೆ ಇನ್ನೊಬ್ಬ.

ಬುರ್ಹಾನುದ್ದೀನ್ ಊರುಗೋಲನ್ನು ನೆಲಕ್ಕೆ ಅಪ್ಪಳಿಸಿದ. "ಕಾಲು ಹೋಗ್ಯದ ಅಂತ ನನ್ನ ನಂಬ್ತೀರೇನು? ನನ್ನ ಬ್ಯಾನಿನೂ ನಿಮಗ ಕಾಣಂಗಿಲ್ಲ! ಈ ಗಾಯ ಒಂದು ಮಾತಲ್ಲ. ನನಗ ನೋಯೂದು ಇಲ್ಲದ ಪಾದದಾಗ, ಇಲ್ಲದ ಬೆರಳಾಗ!"

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ತಲಿಗೂ ಪೆಟ್ಟು ಬಿದ್ದಂಗದ," ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಮಾಲಿಪಾಟೀಲ ಎದ್ದು ಕೈಮುಗಿದ. ಸಾಕ್ಷಿ ಅಲ್ಲಿಗೆ ಮುಗಿಯಿತು.

ದೌಲಪ್ಪ ಇಬ್ಬರನ್ನೂ ಬಂಡಿಯವರೆಗೆ ಕಳಿಸಲು ಬಂದ. ಬಂಡಿಯ ಹತ್ತಿರ ನಿಂತು, "ಯಾಕ ಬಂದ್ರಿ ಸಾಹೇಬ್ರ?" ಎಂದ.

"ನಿನಗಾಗಿ ಬಂದೆ."

"ನಿಮ್ಮ ಕಾಲು ತೋರಿಸಿ ನನ್ನ ಬೆನ್ನಿನ ಮಾನ ಕಳದ್ರಿ. ಇಲ್ಲಿ ತನಕ ಅರ್ಧ ಮಂದಿಯಾದ್ರೂ ಅನುಮಾನದಾಗಿದ್ರು. ಈಗ ನಂದು ಸುಳ್ಳಂಬೂದರಾಗ ಯಾರಿಗೂ ಅನುಮಾನ ಉಳೀಲಿಲ್ಲ."

ಅನ್ಯಾಯದ ಮಾತೆಂದು ಆಡುವಾಗಲೇ ಅವನಿಗೆ ಗೊತ್ತಿತ್ತು. ಆ ಒಸರುವ ತೊಡೆ ಇಟ್ಟುಕೊಂಡು ಆತ ಮತ್ತೆ ಅಷ್ಟೇ ದೂರ ಹೋಗಬೇಕೆಂಬುದೂ ಗೊತ್ತಿತ್ತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಬುರ್ಹಾನುದ್ದೀನ್ ಊರುಗೋಲನ್ನು ಮೊದಲು ಒಳಗಿಟ್ಟು ಬಂಡಿ ಹತ್ತಿದ. ಮಕ್ಸೂದ್ ಮಾತ್ರ ತಿರುಗಿ ತಿರುಗಿ ನೋಡುತ್ತಿದ್ದ.

ಆ ತಿಂಗಳು ತೋಟದಲ್ಲಿ ಹಳೆಯ ಬಾಳೆಗಡ್ಡೆ ಕೀಳುವ ಕೆಲಸವಿತ್ತು. ಗೊನೆ ಕೊಟ್ಟು ಮುಗಿದ ಗಿಡಗಳ ಗಡ್ಡೆ ನೆಲದೊಳಗೆ ಆನೆಯ ಪಾದದಷ್ಟು ಬೆಳೆದಿರುತ್ತದೆ. ಸುತ್ತ ಅಗೆದು, ಹಾರೆ ಹಾಕಿ ಮೀಟಿ ಎತ್ತಬೇಕು. ಗಟ್ಟಿಮುಟ್ಟಾದ ಆಳುಗಳೂ ಎರಡು ದಿನ ಮಾಡಿ ಮೂರನೆಯ ದಿನ ತಪ್ಪಿಸಿಕೊಳ್ಳುವ ಕೆಲಸ ಅದು. "ಗಡ್ಡಿ ನಾ ತೆಗೀತೀನಿ," ಎಂದ ದೌಲಪ್ಪ.

ಶಿವಕಾಂತಮ್ಮ ಅಡ್ಡ ಬಂದಳು. "ಬ್ಯಾಡ್ರೀ. ನಿಮ್ಮ ಕಾಲಿಗಿ ಬೀಳ್ತೀನಿ. ಯಾರಿಗಿ ತೋರಸ್ಲಾಕ ಹೊಂಟೀರಿ?"

"ಬ್ಯಾನಿ ಇಲ್ಲಂತಲ್ಲ ನನಗ. ಇಲ್ಲದಾಂವ ದುಡೀಬೇಕು."

"ನನಗ ಗೊತ್ತದ ಅದ ಅಂತ."

"ಇಷ್ಟು ದಿನ ಯಾಕ ಅನಲಿಲ್ಲ?"

ಭಾವನ ಮನೆಯಲ್ಲಿ, ಭಾವನ ಅನ್ನ ಉಂಡು, ಅವಳು ಏನೆನ್ನಬಹುದಿತ್ತು?

ಹದಿಮೂರು ದಿನ ಅವನು ಗಡ್ಡೆ ಅಗೆದ. ಕಟ್ಟೆಯಲ್ಲಿ ಕಲಿತದ್ದನ್ನೆಲ್ಲ ಬಿಟ್ಟ. ನಡುವೆ ನಿಲ್ಲಲಿಲ್ಲ, ಎರಡೆರಡಾಗಿ ಹೊರಲಿಲ್ಲ. ಬಾಯಿಂದ ಒಂದು ನರಳಿಕೆ ಬರಗೊಡಲಿಲ್ಲ. ಸಿಟ್ಟು ಮೈಯನ್ನು ಹೊತ್ತು ನಡೆಸುತ್ತಿತ್ತು. ತಾನು ಕುಸಿದರೆ ಆಗ ತಿಳಿದೀತು ಇವರಿಗೆ ಎಂದುಕೊಳ್ಳುತ್ತಿದ್ದ. ಕುಸಿಯಲಿಲ್ಲ. ನೋಡಿದವರಿಗೆ ಅದೂ ಬೇರೆಯೇ ಕಂಡಿತು. "ಚಾವಡಿಯಾಗ ಮಾನ ಹೋದ ಮ್ಯಾಲ ನೋಡ್ರಿ ಹ್ಯಾಂಗ ಆರಾಮಾದ," ಎಂದರು. ಗುರುಲಿಂಗಪ್ಪ ಹಿಗ್ಗಿದ. ಹನ್ನೆರಡನೆಯ ದಿನ ಊಟಕ್ಕೆ ಕುಳಿತಾಗ ತಮ್ಮನ ತಟ್ಟೆಗೆ ತಾನೇ ತುಪ್ಪ ಸುರಿದು, ಬೆನ್ನ ಮೇಲೆ ಪ್ರೀತಿಯಿಂದ ಒಂದು ಪೆಟ್ಟು ಹಾಕಿದ. ದೌಲಪ್ಪನ ಕಣ್ಣಿಗೆ ಕತ್ತಲೆ ಬಂತು. ತುತ್ತು ಕಲಸುತ್ತಲೇ ಇದ್ದ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಹಾರೆಯ ತುದಿಗೆ ಮೈಭಾರ ಹಾಕಿ ಮೀಟುತ್ತಿದ್ದಾಗ ಗಡ್ಡೆ ತಟಕ್ಕನೆ ಕಿತ್ತು ಬಂತು. ದೌಲಪ್ಪ ಮುಂದಕ್ಕೆ ಬಿದ್ದ. ಕೂಗಲಿಲ್ಲ. ಮಣ್ಣಿನಲ್ಲಿ ಮುಖವಿಟ್ಟು ಮಲಗಿದವನು, ಓಡಿ ಬಂದ ಅಣ್ಣನನ್ನು ಕೇಳಿದ್ದು ಇಷ್ಟೇ: "ನನ್ನ ಕಾಲು ಎಲ್ಲ್ಯಾವ ಅಣ್ಣಾ?"

ಕಾಲು ಅಲ್ಲೇ ಇದ್ದವು. ಕಲಬುರಗಿಯಿಂದ ಕರೆಸಿದ ವೈದ್ಯ ತೊಡೆಗೆ, ಮೀನಖಂಡಕ್ಕೆ, ಅಂಗಾಲಿಗೆ ಸೂಜಿ ಚುಚ್ಚಿದ. ದೌಲಪ್ಪ ಮೇಲಿನ ಜಂತಿ ನೋಡುತ್ತ ಮಲಗಿದ್ದ. ಹಳೆಯ ಮುರಿತ ಮತ್ತೆ ಬಿಚ್ಚಿದೆ, ಇನ್ನು ಕಾಲು ಏಳುವುದಿಲ್ಲ ಎಂದು ವೈದ್ಯ ಹೇಳಿದಾಗ ಗುರುಲಿಂಗಪ್ಪ ಕಂಬಕ್ಕೆ ತಲೆ ಚಚ್ಚಿಕೊಂಡ. "ಖರೇ ಇತ್ತಲ್ಲೋ ದೌಲ್ಯಾ! ಖರೇ ಇತ್ತಲ್ಲೋ!" ಎಂದು ಅತ್ತ. ಸುಳ್ಳು ಅಳುವಲ್ಲ ಅದು. ಮೂರು ದಿನ ಅವನು ಊಟ ಮಾಡಲಿಲ್ಲ.

ಊರೆಲ್ಲ ನೋಡಲು ಬಂತು. ಚಾವಡಿಯಲ್ಲಿ ನಕ್ಕವನೂ ಬಂದ. ಮಾಲಿಪಾಟೀಲ ಬಂದು ಹಾಸಿಗೆಯ ಪಕ್ಕ ಕುಳಿತು, ಲಡಾಯಿಯ ಗಾಯ ಎಂಥದೆಂದು ಯಾರೂ ಹೇಳಲಾರರು ಎಂದ. ಆ ದಿನದಿಂದ ಗುರುಲಿಂಗಪ್ಪ ತಪ್ಪದೆ ಒಂದು ಕೆಲಸ ಮಾಡಿದ. ಮುಂಜಾನೆ ತಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹೊರಗಿನ ಜಗಲಿಯ ಮೇಲೆ ಕೂರಿಸುತ್ತಿದ್ದ, ಬೆನ್ನಿಗೆ ದಿಂಬು ಕೊಡುತ್ತಿದ್ದ. ಹೋಗಿ ಬರುವವರು ನೋಡಿ ಕೈಮುಗಿಯುತ್ತಿದ್ದರು. "ಅಣ್ಣ ಅಂದ್ರ ಇಂಥಾಂವ ಇರಬೇಕು," ಎಂಬ ಮಾತು ಊರಲ್ಲಿ ನಿಂತಿತು. ಉಳಿದ ಹೊತ್ತೆಲ್ಲ ಅವನನ್ನು ಹೊರಳಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು ಶಿವಕಾಂತಮ್ಮನ ಪಾಲಿಗೆ ಬಂತು. ಅದು ಒಳಕೋಣೆಯಲ್ಲಿ ನಡೆಯುತ್ತಿದ್ದುದರಿಂದ ಯಾರೂ ನೋಡಲಿಲ್ಲ.

ಸುದ್ದಿ ತಿಳಿದು ಬುರ್ಹಾನುದ್ದೀನ್, ಮಕ್ಸೂದ್ ಮತ್ತೆ ಬಂದರು. ಗುರುಲಿಂಗಪ್ಪ ಅವರನ್ನು ಬೀಗರಂತೆ ಕರೆದು ಕೂರಿಸಿ ತೋಟಕ್ಕೆ ಹೋದ. ಬುರ್ಹಾನುದ್ದೀನ್ ದೌಲಪ್ಪನ ಪಾದದ ಮೇಲೆ ಕೈಯಿಟ್ಟ. ದೌಲಪ್ಪನಿಗೆ ಅದು ಗೊತ್ತಾಗಲಿಲ್ಲ, ನೋಡಿ ತಿಳಿದುಕೊಂಡ.

"ನಿಮಗ ಇಲ್ಲದ ಕಾಲು ನೋಯ್ತದ," ಎಂದ. "ನನಗ ಇದ್ದ ಕಾಲು ಇಲ್ಲ."

"ಬೆನ್ನು?"

"ಅದು ಎಲ್ಲೂ ಹೋಗಿಲ್ರೀ."

"ನಮ್ಮ ಮನಿಗಿ ಬಾ," ಎಂದ ಬುರ್ಹಾನುದ್ದೀನ್. "ಹಿಂದಿನ ಖೋಲಿ ಖಾಲಿ ಅದ. ಅಕ್ಬರಿ ಕಸ ಹೊಡದು ಇಟ್ಟಾಳ. ತಂಗಿ ಅಡಿಗಿ ಬ್ಯಾರೇನೇ ಮಾಡ್ಕೊಳ್ಳಲಿ, ಒಲಿ ಹಾಕಿಸ್ತೀನಿ. ಮಕ್ಸೂದ್ ಅದಾನ, ನಾ ಅದೀನಿ. ದಿನಾ ಕಟ್ಟಿ ಮ್ಯಾಲ ಮಲಗು."

ಬಾಗಿಲ ಮರೆಯಲ್ಲಿ ನಿಂತಿದ್ದ ಶಿವಕಾಂತಮ್ಮ ಒಳಗೆ ಹೋ‌ಗಿ ಬಟ್ಟೆ ಗಂಟು ಕಟ್ಟತೊಡಗಿದಳು. ಅವಳು ಯಾರನ್ನೂ ಕೇಳಲಿಲ್ಲ. ಗಂಟು ಬಿಗಿಯುವ ಹೊತ್ತಿಗೆ ಗಂಡನ ದನಿ ಕೇಳಿಸಿತು.

"ನಾ ಬರಂಗಿಲ್ಲ."

"ಯಾಕ?"

"ಇಲ್ಲಿ ಅಣ್ಣ ನನ್ನ ಎತ್ತಬೇಕು. ದಿನಾ ಎತ್ತಬೇಕು. ಎತ್ತುವಾಗ ಅವನ ಮಾರಿ ನೋಡ್ತೀನಿ ನಾ. ಅವನಿಗಿ ಅರವತ್ತಾಗ್ತದ, ಎಪ್ಪತ್ತಾಗ್ತದ, ಆಗೂ ಎತ್ತಬೇಕು. ಅವನ ಟೊಂಕಿಗಿ ಒಂದು ದಿನ ಬರ್ತದಲ್ಲ ಬ್ಯಾನಿ, ಅದನ್ನ ನೋಡಿ ಸಾಯ್ತೀನಿ."

ಬುರ್ಹಾನುದ್ದೀನ್ ಆ ಪಾದದ ಮೇಲಿಂದ ಕೈ ತೆಗೆದ. "ಇದು ಬ್ಯಾರೆ ಬ್ಯಾನಿ, ದೌಲಪ್ಪಾ," ಎಂದ. "ಇದಕ್ಕ ಕಾಸಿ ಇಡ್ಲಾಕ ನಮ್ಮ ಹತ್ರ ಇಟ್ಟಂಗಿ ಇಲ್ಲ."

"ಬ್ಯಾಡ," ಎಂದ ದೌಲಪ್ಪ.

ಶಿವಕಾಂತಮ್ಮ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೋಡೆಯ ಮಾಡದಲ್ಲಿಟ್ಟಳು.

ಆಮೇಲೂ ಬುರ್ಹಾನುದ್ದೀನ್ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ದೌಲಪ್ಪ ಈಗ ನೋವಿನ ಮಾತು ಆಡುತ್ತಿರಲಿಲ್ಲ, ಬುರ್ಹಾನುದ್ದೀನನ ಕಾಲನ್ನೂ ಕೇಳುತ್ತಿರಲಿಲ್ಲ. ಅಣ್ಣನ ಸುದ್ದಿ ಒಂದೇ. ಇಂದು ಎತ್ತುವಾಗ ಹೇಗೆ ಏದುಸಿರು ಬಿಟ್ಟ, ನಿನ್ನೆ ಹೇಗೆ ಕಾಲು ನಡುಗಿತು. ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಎರಡನೆಯ ವರ್ಷದ ಚಳಿಗಾಲದಲ್ಲಿ ಮಕ್ಸೂದ್ ಬರುವುದನ್ನು ಬಿಟ್ಟ. ಅದರ ಮುಂದಿನ ಬೇಸಿಗೆಯಲ್ಲಿ ಬುರ್ಹಾನುದ್ದೀನ್ ಒಬ್ಬನೇ ಬಂದು, ಅದೇ ಮಾತುಗಳನ್ನು ಕೇಳಿ, ಹೊತ್ತಿಗೆ ಮುಂಚೆಯೇ ಎದ್ದ.

ಶಿವಕಾಂತಮ್ಮ ಕೊಡ ತೆಗೆದುಕೊಂಡು ಹಿಂದೆಯೇ ಬಂದಳು. ಊರ ಹೊರಗಿನ ಬಾವಿಯ ಹತ್ತಿರ, "ಅಣ್ಣಾರ," ಎಂದು ಕರೆದಳು. ಅಷ್ಟು ವರ್ಷದಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

"ನಿಮ್ಮ ಕಟ್ಟಿಗಿ ಹೆಣ್ಣಮಕ್ಕಳು ಬರಬಹುದೇನ್ರೀ?"

ಬುರ್ಹಾನುದ್ದೀನ್ ಊರುಗೋಲು ಊರಿ ನಿಂತ. "ಯಾರು ತಂಗಿ?"

"ನಾ." ಅವಳು ಬಲಗೈಯನ್ನು ಮೇಲೆತ್ತಲು ಹೋದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. "ಇಷ್ಟ ಏಳ್ತದ್ರೀ. ಟೊಂಕ ಹಿಡದು ಒಂದು ವರ್ಷಾತು. ಅವರನ್ನ ಹೊಳ್ಳಸೂದು ದಿನಕ್ಕ ಹತ್ತು ಸಲ. ಯಾರ ಮುಂದ ಹೇಳ್ಲಿ? ಅವರ ಮುಂದ ಹೇಳಿದ್ರ, ನಿಂದೇನು ಬ್ಯಾನಿ ಅಂತಾರ. ಭಾವಾರ ಮುಂದ ಹೇಳೂ ಹಂಗಿಲ್ಲ."

"ನಮ್ಮ ಅಕ್ಬರಿ ಅದಾಳ," ಎಂದ ಬುರ್ಹಾನುದ್ದೀನ್. "ಒಳಗ ಅಕಿ ಹತ್ರ ಕೂಡು. ಈ ಬೇಸ್ತವಾರಾನ ಬಾ. ಹಣ್ಣಿನ ಬಂಡಿ ಬರ್ತದಲ್ಲ, ಅದರಾಗ ಬಾ."

ಅವಳು ಸ್ವಲ್ಪ ಹೊತ್ತು ಬಾವಿಯೊಳಗೆ ನೋಡುತ್ತ ನಿಂತಳು. ಬರುವ ಗುರುವಾರವನ್ನು ಮನಸ್ಸಿನಲ್ಲೇ ಮುಂಜಾನೆಯಿಂದ ಸಂಜೆಯವರೆಗೆ ಹಿಡಿದು ನೋಡಿದಂತಿತ್ತು.

"ಅವತ್ತ ಅವರನ್ನ ಯಾರು ಹೊಳ್ಳಸ್ತಾರ್ರೀ?" ಎಂದಳು.

ಅವನಿಗೇನಾದರೂ ಗೊತ್ತಿರಬಹುದು ಎಂಬಂತೆ ಉತ್ತರಕ್ಕೆ ಕಾದಳು. ಬುರ್ಹಾನುದ್ದೀನ್ ಊರುಗೋಲು ಸರಿಸಿ ಊರಿ ಊರಿನ ಕಡೆ ತಿರುಗಿ ನೋಡಿದ. ಅವಳು ಹಗ್ಗ ಬಿಟ್ಟು ನೀರು ಸೇದಿ, ಎಡಗೈಯಿಂದಲೇ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಮನೆಯ ಕಡೆ ಹೋದಳು.